ಬಾಧ್ಯುರಾಲು

ವಿಜಯವಾಡದ ಬೆಂಜ್ ಸರ್ಕಲ್ಲಿನ ಆ ಕಟ್ಟಡದಲ್ಲಿ ಲಿಫ್ಟ್ ಇರುವುದು ಗಿರಾಕಿಗಳಿಗೆ. ಕಮಲಮ್ಮ ನಾಲ್ಕನೇ ಮಹಡಿಯ ಆಫೀಸಿಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಫಿನಾಯಿಲ್ ಡಬ್ಬಿ. ಅರ್ಧ ಹತ್ತುವಷ್ಟರಲ್ಲಿ ಮೊಣಕಾಲು ಕಟಕಟ ಎನ್ನುತ್ತದೆ. ಫಿನಾಯಿಲ್ ತಿಂದು ಬೆರಳಸಂದಿಗಳೆಲ್ಲ ಒಡೆದಿವೆ. ಮನೆಗೆ ಹೋಗಿ ಸಾರಿಗೆ ಹುಣಸೆಹಣ್ಣು ಕಿವುಚಿದರೆ ಜೀವ ಹೋಗಿ ಬಂದಂತಾಗುತ್ತದೆ.

ನೆಲ ಒರೆಸಿ, ಮೇಜು ಒರೆಸಿ, ಕೊನೆಗೆ ಗೋಡೆಯ ಮೇಲಿನ ಪಟಗಳನ್ನು ಒರೆಸುತ್ತಾಳೆ. ಮೊದಲು ದುರ್ಗಮ್ಮ. ಆಮೇಲೆ ಮಾಲೀಕ ಸೂರ್ಯಪ್ರಕಾಶನ ತೀರಿಹೋದ ತಂದೆ. ಆಮೇಲೆ ಅವಳೇ.

ಹೌದು, ಅವಳೇ. ಗಾಜಿನ ಹಿಂದೆ, ಸರ್ಕಾರಿ ಮುದ್ರೆಯ ಕೆಳಗೆ, ಎಣ್ಣೆ ಹಚ್ಚಿ ಬಾಚಿದ ತಲೆ, ಹೆದರಿದ ಕಣ್ಣು. ಪಕ್ಕದಲ್ಲಿ ಬರೆದಿದೆ: ಕಮಲಾ ಎಸ್., ನೋಂದಾಯಿತ ರಿಯಲ್ ಎಸ್ಟೇಟ್ ಏಜೆಂಟ್.

"ಇದನ್ನ ಚೆನ್ನಾಗಿ ಒರಸು ಕಮಲಮ್ಮ," ಎಂದಿದ್ದ ಮ್ಯಾನೇಜರ್ ಶ್ರೀಕಂಠ, ತೂಗುಹಾಕಿದ ದಿನ. "ಲೈಸೆನ್ಸನ್ನ ವ್ಯಾಪಾರ ನಡೆಯೋ ಜಾಗದಲ್ಲಿ ಎಲ್ರಿಗೂ ಕಾಣೋ ಹಾಗೆ ಹಾಕ್ಬೇಕು. ಕಾನೂನು."

ಕಮಲಮ್ಮ ಕೊಪ್ಪಳದ ಕಡೆಯವಳು. ಗಂಡ ಶಂಕರಪ್ಪ ಗ್ರಾನೈಟ್ ಲಾರಿಯ ಜೊತೆ ವಿಜಯವಾಡಕ್ಕೆ ಬಂದವನು. ಕಲ್ಲು ಇಳಿಸುವಾಗ ಬೆನ್ನು ಹಿಡಿದುಕೊಂಡ ಮೇಲೆ ಇದೇ ಕಟ್ಟಡಕ್ಕೆ ವಾಚ್‌ಮನ್ ಆದ. ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಧನ್ಯಾ. ಕಟ್ಟಡ ಸೂರ್ಯಪ್ರಕಾಶನದು. ಹಾಗಾಗಿ ಕೋಣೆಯೂ ಅವನದು, ಕೆಲಸವೂ ಅವನದು. ಸಂಬಳ ತಡವಾದರೆ ಕೇಳುವ ಹಾಗಿರಲಿಲ್ಲ.

ಶ್ರೀಕಂಠ ಮೈಸೂರಿನವನು. ಕನ್ನಡದವನು ಅಂತ ಕಮಲಮ್ಮನಿಗೆ ಅವನ ಮೇಲೆ ಒಂದು ತರಹದ ಮಮತೆ. ಅವನಿಗೆ ಚಹಾ ಕೊಡುವಾಗ ಸಕ್ಕರೆ ಒಂದು ಚಮಚ ಹೆಚ್ಚೇ ಬೀಳುತ್ತಿತ್ತು.

ಹೋದ ವರ್ಷ ಅವನೇ ಕರೆದು ಕೂರಿಸಿದ್ದ. ಅದೂ ಕುರ್ಚಿಯ ಮೇಲೆ.

"ಈಗ ಸೈಟು ಮಾರೋಕೆ ಸುಮ್ನೆ ಬಾಯಿ ಇದ್ರೆ ಸಾಲದು ಕಮಲಮ್ಮ. ಟ್ರೈನಿಂಗ್ ಆಗಿರ್ಬೇಕು, ಪರೀಕ್ಷೆ ಪಾಸಾಗಿರ್ಬೇಕು, ಲೈಸೆನ್ಸ್ ಇರ್ಬೇಕು. ನಿನ್ನ ಹೆಸರಲ್ಲಿ ಒಂದು ಮಾಡಿಸೋಣ ಅಂತ ಸಾರ್ ಹೇಳ್ತಿದಾರೆ."

ಕಮಲಮ್ಮ ನಕ್ಕುಬಿಟ್ಟಳು. "ನಾ ಏಳನೇತ್ತೆ ಫೇಲು ರೀ. ಅದೂ ಕನ್ನಡ ಸಾಲ್ಯಾಗ. ನಿಮ್ಮ ಹೆಸರಿಲೆ ಮಾಡಸ್ರಲ್ಲ?"

"ನನ್ನದು, ಸಾರ್‌ದು ಹಳೇ ವೆಂಚರಲ್ಲಿ ಸಿಕ್ಕಾಕೊಂಡಿದೆ. ಹೊಸ ಹೆಸರು ಬೇಕು. ನಿಂದು ಶುದ್ಧವಾದ ಹೆಸರು."

ಬಡಾವಣೆಗೆ ಇಲ್ಲಿ ವೆಂಚರ್ ಅನ್ನುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಅಂದರೇನು ಎಂದು ಅವಳು ಕೇಳಲಿಲ್ಲ. ಶುದ್ಧವಾದ ಹೆಸರು ಎಂಬ ಮಾತು ಕಿವಿಗೆ ತಂಪಾಗಿತ್ತು. ಅವಳನ್ನು ಯಾರೂ ಹಾಗೆ ಹೊಗಳಿದ್ದಿಲ್ಲ.

ಪರೀಕ್ಷೆ ನಡೆದದ್ದು ಕಂಪ್ಯೂಟರಿನಲ್ಲಿ. ಕಮಲಮ್ಮನನ್ನು ಕ್ಯಾಮೆರಾದ ಎದುರು ಕೂರಿಸಿದರು. ಶ್ರೀಕಂಠ ಮೇಜಿನ ಪಕ್ಕ, ಕ್ಯಾಮೆರಾಕ್ಕೆ ಕಾಣದಂತೆ, ನೆಲದ ಮೇಲೆ ಕೂತ. ಮೌಸ್ ಅವನ ಕೈಯಲ್ಲಿತ್ತು.

"ಕಣ್ಣು ಸ್ಕ್ರೀನ್ ಮೇಲಿರ್ಲಿ. ಯೋಚನೆ ಮಾಡೋ ಥರ ಹುಬ್ಬು ಗಂಟು ಹಾಕು. ನಗಬೇಡ. ಮುಖ ನಿಂದು, ಕೈ ನಂದು, ಆಯ್ತಾ?"

ಅವಳು ಹುಬ್ಬು ಗಂಟು ಹಾಕಿದಳು. ಅಕ್ಷರಗಳು ಬಂದವು, ಹೋದವು. ಏನೋ ಒಂದು ಓದಿಕೊಳ್ಳೋಣ ಎಂದು ತುಟಿ ಆಡಿಸಿದರೆ ಕೆಳಗಿನಿಂದ ಶ್ರೀಕಂಠ ಅವಳ ಪಾದ ಚಿವುಟಿದ. ಮಧ್ಯಾಹ್ನದ ಹೊತ್ತಿಗೆ ಕಮಲಮ್ಮ ಪಾಸಾಗಿದ್ದಳು. ಎಲ್ಲರಿಗೂ ಪೂತರೇಕು ಎಂಬ ಸಿಹಿ ಹಂಚಿದರು. ತಟ್ಟೆಗಳನ್ನು ಅವಳೇ ತೊಳೆದಳು.

ಅರ್ಜಿಗೆ ಸಹಿ ಮಾಡುವಾಗ ಸೂರ್ಯಪ್ರಕಾಶನೂ ಬಂದ. ತೆಲುಗಿನಲ್ಲಿ ಓದಿ ಹೇಳಿದ: ವ್ಯವಹಾರಕ್ಕೆಲ್ಲ ಕಮಲಾ ಎಸ್. ಬಾಧ್ಯುರಾಲು. "ಸರೇನಾ ಅಮ್ಮಾ?"

ಮಾರುಕಟ್ಟೆಯ ತೆಲುಗು ಅವಳಿಗೆ ಬರುತ್ತದೆ, ಕಾಗದದ ತೆಲುಗು ಬರುವುದಿಲ್ಲ. ಆದರೆ ಅಕ್ಷರ ಕನ್ನಡದ ತಂಗಿಯಂತಿದ್ದುದರಿಂದ ಬೆರಳಿಟ್ಟು ತಾನೂ ಓದಿಕೊಂಡಳು. ಬಾಧ್ಯುರಾಲು. ಬಾಧೆ ಇರುವವಳು.

"ಬಾಧಿ ಅಂತದ್ದೇನಿಲ್ರಿ ನಂಗ," ಎಂದಳು ಸಂಕೋಚದಿಂದ. "ಮೊಣಕಾಲೊಂದ ನೋಯ್ತಾವ. ಬರದಬಿಡ್ರಿ."

ಶ್ರೀಕಂಠ ತೆಲುಗಿಗೆ ತಿರುಗಿಸಿ ಹೇಳಿದ. ಆಫೀಸಿಗೆ ಆಫೀಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರೂ ನಗುತ್ತಾರಲ್ಲ ಎಂದು ಅವಳೂ ನಕ್ಕಳು. ಬಾಧ್ಯುರಾಲು ಅಂದರೇನೆಂದು ಮಾತ್ರ ಯಾರೂ ಹೇಳಲಿಲ್ಲ.

ಆಮೇಲೆ ಅವಳಿಗೊಂದು ಸೀರೆ ಬಂತು. ಮಂಗಳಗಿರಿ ಹತ್ತಿ, ಎಲೆಹಸಿರು, ಜರಿ ಅಂಚು. ಸೀರೆ ಇರುತ್ತಿದ್ದುದು ಆಫೀಸಿನ ಬೀರುವಿನಲ್ಲಿ. ವಿಶಾಖಪಟ್ಟಣದಲ್ಲಿ ಮಾರಾಟದ ಮೇಳ ಇದ್ದಾಗ ತೆಗೆದುಕೊಡುತ್ತಿದ್ದರು. ಮರಳಿ ಬಂದ ಮೇಲೆ ಒಗೆದು, ಇಸ್ತ್ರಿ ಮಾಡಿಸಿ, ವಾಪಸು ಇಡಬೇಕು.

ವಿಶಾಖಪಟ್ಟಣದಲ್ಲಿ ಕನ್ನಡದವರು ಬಹಳ. ಬ್ಯಾಂಕಿಗೆ ವರ್ಗವಾಗಿ ಬಂದವರು, ಆಸ್ಪತ್ರೆಯವರು, ಪರವಾಡದ ಔಷಧ ಕಾರ್ಖಾನೆಗಳ ಹುಡುಗ ಹುಡುಗಿಯರು. ಕಮಲಮ್ಮನ ಕೆಲಸ ಬಾಗಿಲಲ್ಲಿ ನಿಂತು "ಬರ್ರಿ, ಚಾ ಕುಡೀರಿ, ಯಾವೂರು ನಿಮ್ದು?" ಅನ್ನುವುದು. ಪರಊರಿನಲ್ಲಿ ಆ ಒಂದು ಮಾತು ಸಾಕು, ಮುಖ ಅರಳುತ್ತದೆ.

ಹರ್ಷಿತಾ ಹಾಗೆಯೇ ಅರಳಿದವಳು. ಚನ್ನಗಿರಿಯ ಹುಡುಗಿ, ಪರವಾಡದಲ್ಲಿ ರಾತ್ರಿಪಾಳಿ, ಕಂಪನಿ ಬಸ್ಸು ಇಳಿದು ನೇರ ಬಂದಿದ್ದಳು. ಕೂದಲಿಗೆ ಔಷಧದ ವಾಸನೆ.

"ಆಂಟಿ, ನೀವೇ ಏಜೆಂಟಾ? ಲೈಸೆನ್ಸಲ್ಲಿ ನಿಮ್ಮ ಫೋಟೋ ಇದೆ! ನಮ್ಮಮ್ಮನಿಗೊಂದು ಮನೆ ಕಟ್ಟಬೇಕು ಅಂತ. ಬಾಡಿಗೆ ಮನೇಲೇ ಮುದುಕಿಯಾದ್ಲು. ಜಾಗ ಚೆನ್ನಾಗಿದ್ಯಾ ಆಂಟಿ?"

ಜಾಗವನ್ನು ಕಮಲಮ್ಮ ಒಮ್ಮೆ ನೋಡಿದ್ದಳು. ವಿಜಯವಾಡದ ಹತ್ತಿರ, ಮಂಗಳಗಿರಿಯ ಆಚೆ, ಸುಡುಬೇಸಿಗೆಯಲ್ಲಿ. ಒಣ ನೆಲ, ಸಾಲಾಗಿ ಬಿಳಿ ಬಣ್ಣದ ಕಲ್ಲು, ದೂರದಲ್ಲಿ ಗುಡ್ಡ.

"ಚಲೋ ಐತವ್ವ. ಗುಡ್ಡ ಕಾಣತೈತಿ," ಎಂದಳು. ಅವಳ ಮಟ್ಟಿಗೆ ಅದು ಸುಳ್ಳಲ್ಲ.

ಮಳೆಗಾಲ ಮುಗಿಯುತ್ತಿದ್ದಾಗ ಹರ್ಷಿತಾ ಬೆಂಜ್ ಸರ್ಕಲ್ಲಿಗೇ ಬಂದಳು. ಸೂರ್ಯಪ್ರಕಾಶ ಒಳಗಿದ್ದರೂ ಇಲ್ಲ ಎಂದರು. ಶ್ರೀಕಂಠ ಹಿಂಬಾಗಿಲಿನಿಂದ ಇಳಿದ. ಹುಡುಗಿ ಗೋಡೆಯ ಪಟದತ್ತ ಬೆರಳು ತೋರಿಸಿ ಕೂಗಿದಳು. "ಇವರನ್ನ ಕರೀರಿ! ಲೈಸೆನ್ಸ್ ಇರೋರನ್ನ ಕರೀರಿ!"

ಅವಳ ಕಾಲಬುಡದಲ್ಲೇ ಕಮಲಮ್ಮ ಕುಕ್ಕುರುಗಾಲಿನಲ್ಲಿ ಕೂತು ನೆಲ ಒರೆಸುತ್ತಿದ್ದಳು. ತಲೆ ಎತ್ತಿದಳು. ಹುಡುಗಿ ಪಟ ನೋಡಿದಳು, ಇವಳನ್ನು ನೋಡಿದಳು, ಕೈಯಲ್ಲಿನ ಒದ್ದೆ ಬಟ್ಟೆ ನೋಡಿದಳು.

"ಆಂಟಿ... ನೀವು?"

"ಏನಾತವ್ವ?"

"ಅದು ಸೈಟಲ್ಲ ಆಂಟಿ, ಕೆರೆ. ನನ್ನ ಸೈಟಿನ ಕಲ್ಲು ನೀರೊಳಗಿದೆ. ಕಟ್ಟೋಕೆ ಪರ್ಮಿಶನ್ನೇ ಇಲ್ಲ ಅಂತ ಬೋರ್ಡ್ ಹಾಕಿದಾರೆ. ಚಲೋ ಐತಿ ಅಂದ್ರಲ್ಲ ನೀವು! ನೀವು ಕನ್ನಡದಲ್ಲಿ ಹೇಳಿದ್ರಲ್ಲ ಅಂತ ನಾನು ನಂಬಿದೆ."

ಕಮಲಮ್ಮ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದಳು. ಹುಡುಗಿಗೆ ನೀರು ಕೊಡಲು ಎದ್ದಳು. ಅದನ್ನು ಕುಡಿಯದೆ ಹರ್ಷಿತಾ ಮೆಟ್ಟಿಲಿಳಿದು ಹೋದಳು. ತನ್ನ ಫೋನ್ ನಂಬರನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟಿದ್ದಳು, "ಮನಸ್ಸಾಕ್ಷಿ ಇದ್ದರೆ ಫೋನ್ ಮಾಡಿ" ಎಂದು. ಕಮಲಮ್ಮ ಆ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಆ ವಾರವೇ, ಸೈಟು ಕೊಂಡವರ ದೂರಿನ ಮೇಲೆ, ಸರ್ಕಾರದ ನೋಟಿಸು ಬಂತು. ಅದು ಕಂಪನಿಯ ಹೆಸರಿಗಲ್ಲ, ಕಮಲಾ ಎಸ್.ಗೆ.

ಸೂರ್ಯಪ್ರಕಾಶ ಕರೆದು ಮತ್ತೆ ಕುರ್ಚಿ ತೋರಿಸಿದ. ಈ ಸಲ ಅವಳು ಕೂರಲಿಲ್ಲ.

"ಸಣ್ಣ ವಿಷಯ," ಎಂದ ಶ್ರೀಕಂಠ. "ಉತ್ತರ ನಾನೇ ಬರ್ದಿದೀನಿ. ನೀನೊಂದು ಸಹಿ ಹಾಕು. ಭಾನುವಾರ ವೈಜಾಗಲ್ಲಿ ಹೊಸ ವೆಂಚರ್ ಶುರು, ಅಷ್ಟ್ರೊಳಗೆ ಮುಗ್ದುಹೋಗ್ಬೇಕು."

"ಏನಂತ ಬರದೀರಿ?"

ಅವನ ಹುಬ್ಬು ಏರಿತು. ಕಾಗದದಲ್ಲಿ ಏನಿದೆ ಎಂದು ಅವಳು ಕೇಳಿದ್ದು ಅದೇ ಮೊದಲು. "ಅದೆಲ್ಲ ನಿಂಗ್ಯಾಕೆ? ಓದಿದ್ರೆ ತಿಳಿಯುತ್ತಾ ನಿಂಗೆ?"

"ಸಂತಕಂ ಪೆಟ್ಟಮ್ಮಾ," ಎಂದ ಸೂರ್ಯಪ್ರಕಾಶ, ತಣ್ಣಗೆ. "ಮಗಳು ಚದುವುತಾ ಇದಾಳಲ್ಲ, ಕೆಳಗೆ ರೂಮಲ್ಲಿ. ಚದವಲಿ ಪಾಪ."

ಸಹಿ ಮಾಡು ಎಂಬುದು ಅರ್ಥವಾಯಿತು. ಮಗಳು ಓದಲಿ ಎಂದದ್ದು ಹಾರೈಕೆಯಲ್ಲ, ಬೆದರಿಕೆ ಎಂಬುದೂ ಅರ್ಥವಾಯಿತು. ಮನ್ಯಾಗ ದೇವರ ಮುಂದ ಇಟ್ಟು ಸಹಿ ಹಾಕತೀನಿ ಎಂದು ಹೇಳಿ ಕಾಗದ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡಳು.

ಸಂಜೆ ಧನ್ಯಾ ಓದಿದಳು. ಅವಳಿಗೆ ತೆಲುಗೇ ಸಲೀಸು. ಕನ್ನಡ ಅಪ್ಪ ಅಮ್ಮನ ಮಟ್ಟಿಗೆ.

"ಅಮ್ಮಾ, ಇದರಲ್ಲಿ... ಕಂಪನಿಗೆ ತೆಲೀಕುಂಡಾ, ಅಂದ್ರೆ ಗೊತ್ತಿಲ್ಲದೆ, ನೀನೇ ಸ್ವಂತಂಗಾ ಸೈಟು ಮಾರಿದೆ ಅಂತ ಇದೆ. ಜನರಿಗೆ ಸುಳ್ಳು ಹೇಳಿದ್ದೂ ನೀನೇ ಅಂತೆ. ನೀನೇ ಬಾಧ್ಯುರಾಲು."

"ನಂದೇನ ಬಾಧಿ ಅದರಾಗ?"

"ಬಾಧೆ ಕಾದಮ್ಮಾ, ಬಾಧೆ ಅಲ್ಲ!" ಹುಡುಗಿ ಆ ಪದದ ಮೇಲೆ ಬೆರಳಿಟ್ಟಳು. "ಬಾಧ್ಯತ. ಬಾಧ್ಯುರಾಲು ಅಂದ್ರೆ ಎಲ್ಲಾ ನಿನ್ನ ತಲೆಮೇಲೆ ಅಂತ. ದಂಡಾನೂ ನಿಂದೇ, ಕೇಸೂ ನಿಂದೇ."

ಕಮಲಮ್ಮ ಗೋಡೆಗೆ ಒರಗಿದಳು. ಅವತ್ತಿನ ನಗು ಮತ್ತೆ ಕೇಳಿಸಿತು. ಹೊಟ್ಟೆ ಹಿಡಿದುಕೊಂಡು ನಕ್ಕವರು. ಅವರ ಜೊತೆ ತಾನೂ ನಕ್ಕದ್ದು.

ಶಂಕರಪ್ಪ ಬೆನ್ನಿಗೆ ಕೈ ಕೊಟ್ಟುಕೊಂಡು ಎದ್ದು ಕೂತ. "ಹಾಕಿಬಿಡ ಹೋಗ್ಲಿ. ಈ ಖೋಲಿ ಹೋದ್ರ ಎಲ್ಲಿಗಿ ಹೋಗೂದು? ಈ ಬೆನ್ನಿಗಿ ಯಾರ ಕೆಲಸ ಕೊಡತಾರ?"

"ಹಾಕಿದ್ರೂ ಹೋಗೂದ ಐತಿ. ಜೇಲಿಗಿ ಹೋಗಬೇಕು."

"ದೊಡ್ಡವರು, ನೋಡಕೋತಾರ ಬಿಡು."

"ಅವರು ನನ್ನ ಎಷ್ಟ ನೋಡಕೊಂಡಾರಂತ ಇದರಾಗ ಬರದೈತಲ್ಲ!"

ಶಂಕರಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಧನ್ಯಾ ಅಳುತ್ತಿದ್ದಳು. ಕಮಲಮ್ಮ ಸೆರಗಿನ ಗಂಟು ಬಿಚ್ಚಿ, ಮಗಳ ಕೈಗೆ ಫೋನ್ ಕೊಟ್ಟು, ಆ ಚನ್ನಗಿರಿ ಹುಡುಗಿಯ ನಂಬರು ಒತ್ತು ಎಂದಳು.

ಭಾನುವಾರ ಹಸಿರು ಸೀರೆ ಉಟ್ಟು ವಿಶಾಖಪಟ್ಟಣಕ್ಕೆ ಹೋದಳು. ಸಹಿ ಎಲ್ಲಿ ಎಂದ ಶ್ರೀಕಂಠನಿಗೆ, ಎಲ್ಲರ ಮುಂದ ಹಾಕತೀನ್ರಿ ಎಂದಳು. ಅವನು ನಕ್ಕ. ಹೋಟೆಲಿನ ಸಭಾಂಗಣ ತುಂಬಿತ್ತು. ವೇದಿಕೆಯ ಪಕ್ಕದ ಸ್ಟ್ಯಾಂಡಿನ ಮೇಲೆ ಅವಳ ಲೈಸೆನ್ಸು, ಅದಕ್ಕೊಂದು ಸೇವಂತಿಗೆ ಮಾಲೆ. ಹಿಂದಿನ ಸಾಲಿನಲ್ಲಿ ಹರ್ಷಿತಾ ಕೂತಿದ್ದಳು. ಅವಳ ಜೊತೆ ಪರವಾಡದ ಬಸ್ಸಿನಲ್ಲಿ ಬಂದವರು, ಕೆರೆಯೊಳಗೆ ಸೈಟು ಕೊಂಡ ಇನ್ನಷ್ಟು ಜನ, ಬ್ಯಾಂಕಿನಿಂದ ನಿವೃತ್ತಿಗೆ ಹತ್ತಿರವಾದ ದಕ್ಷಿಣಾಮೂರ್ತಿ ಎಂಬ ಹಿರಿಯರೂ ಇದ್ದರು.

ಶ್ರೀಕಂಠ ಮೈಕಿನಲ್ಲಿ ಗುಡ್ಡ, ಗಾಳಿ, ರಸ್ತೆ ಎನ್ನುತ್ತಿದ್ದ. ಕಮಲಮ್ಮ ಚಹಾದ ತಟ್ಟೆ ಕೆಳಗಿಟ್ಟಳು. ಸ್ಟ್ಯಾಂಡಿನ ಹತ್ತಿರ ಹೋಗಿ ಮಾಲೆ ತೆಗೆದಳು. ಪಟವನ್ನು ಎದೆಗೆ ಹಿಡಿದು ವೇದಿಕೆ ಹತ್ತಿದಳು. ಮೊಣಕಾಲು ಕಟಕಟ ಎಂದಿತು.

"ಏಯ್, ಏನ್ ಮಾಡ್ತಿದೀಯ? ಇಳಿ ಕೆಳಗೆ. ಇಲ್ಲಿ ಮಾತಾಡೋಕೆ ನೀನ್ಯಾರು?"

"ನಾನ ಏಜೆಂಟ್ ರೀ," ಎಂದಳು. ಮೈಕು ಅವನ ಕೈಯಲ್ಲೇ ಇತ್ತು, ಆದರೆ ತೆರೆದಿತ್ತು. "ಸೈಟು ಮಾರಾಕ ಲೈಸೆನ್ಸ್ ಬೇಕಂತ ನೀವ ಹೇಳೀರಿ. ಈ ಸಭಾದಾಗ ಲೈಸೆನ್ಸ್ ಇದ್ದಾಕಿ ನಾನೊಬ್ಬಾಕಿ. ಮಾತಾಡಾಂಗಿಲ್ಲದವರು ನೀವು."

ಅವಳು ಪಟವನ್ನು ಮುಖದ ಪಕ್ಕ ಹಿಡಿದಳು.

"ಇದ ಮುಖ, ಇದ ಮುಖ. ನೋಡಕೋರಿ. ನಾ ಇವರ ಆಫೀಸಿನ ನೆಲ ಒರಸಾಕಿ. ಪರೀಕ್ಷೆ ನಾ ಬರದಿಲ್ಲ. ಮುಖ ನಂದು, ಕೈ ಇವರದು. ಮಂಗಳಗಿರಿ ಕಡೆ ಕೆರಿಯಾಗ ಕಲ್ಲು ನೆಟ್ಟು ಮಾರ್ಯಾರ. ಚಲೋ ಐತಿ ಅಂತ ನನ್ನ ಬಾಯಿಲೆ ಅನಿಸ್ಯಾರ. ಈಗ ಕೇಸು ನನ್ನ ಮ್ಯಾಲೆ. ಏಜೆಂಟ್ ಹೇಳತೀನಿ, ಇವರ ಕಡೆ ಏನೂ ಕೊಳ್ಳಬ್ಯಾಡ್ರಿ." ಆಮೇಲೆ ಅದನ್ನೇ ತನ್ನ ಸಂತೆಯ ತೆಲುಗಿನಲ್ಲಿ ಹೇಳಿದಳು. "ಕೊನೊದ್ದು. ಕೊನೊದ್ದಂಡಿ."

ಹರ್ಷಿತಾ ಎದ್ದು ನಿಂತಳು. ದಕ್ಷಿಣಾಮೂರ್ತಿ ಎದ್ದರು. ಹಿಂದಿನ ಸಾಲಿಗೆ ಸಾಲೇ ಎದ್ದಿತು. ಮುಂದಿನ ಸಾಲಿನವರು ಕೈಚೀಲ ಎತ್ತಿಕೊಂಡು ಮೆಲ್ಲಗೆ ಬಾಗಿಲ ಕಡೆ ನಡೆದರು. ಸೂರ್ಯಪ್ರಕಾಶ ಫೋನ್ ಕಿವಿಗಿಟ್ಟುಕೊಂಡು ಹೊರಗೆ ಹೋದ.

ಶ್ರೀಕಂಠನ ಮುಖ ಕೆಂಪಾಗಿತ್ತು. ಬೈಯಲು ಬೇರೇನೂ ಸಿಗದೆ ಹೇಳಿದ: "ಸೀರೆ ಕಂಪನೀದು. ಬಿಚ್ಚಿಟ್ಟು ಹೋಗು."

ಯಾರೋ ಹೆಂಗಸು ಛೀ ಎಂದಳು. ಕಮಲಮ್ಮ ಬಚ್ಚಲಿಗೆ ಹೋಗಿ ತನ್ನ ಹಳೆಯ ಸೀರೆ ಉಟ್ಟು ಬಂದಳು. ಹಸಿರು ಸೀರೆಯನ್ನು ಒಪ್ಪವಾಗಿ ಮಡಚಿ ಅವನ ಕೈಯ ಮೇಲಿಟ್ಟಳು. ಪಟಕ್ಕೆ ಅವನು ಕೈ ಚಾಚಿದಾಗ ಕೊಡಲಿಲ್ಲ.

"ಸೀರಿ ನಿಮ್ದು. ಬಾಧ್ಯುರಾಲು ನಾನು."

ಹರ್ಷಿತಾ ವಿಜಯವಾಡದವರೆಗೂ ರೈಲಿನಲ್ಲಿ ಜೊತೆಗೆ ಬಂದಳು. ಹುಡುಗಿಯ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಇಳಿಯಲಿ ಎಂದು ಕಮಲಮ್ಮ ಕೇಳಲೂ ಇಲ್ಲ.

ಬೆಂಜ್ ಸರ್ಕಲ್ಲಿಗೆ ಬಂದಾಗ ಪಾತ್ರೆ, ಚಾಪೆ, ಧನ್ಯಾಳ ಪುಸ್ತಕಗಳು ಗೇಟಿನ ಹೊರಗೆ ಬಿದ್ದಿದ್ದವು. ಕೋಣೆಗೆ ಹೊಸ ಬೀಗ. ಶಂಕರಪ್ಪ ಫುಟ್‌ಪಾತಿನ ಮೇಲೆ ವಾಚ್‌ಮನ್ ಅಂಗಿಯಲ್ಲೇ ಕೂತಿದ್ದ. ಹೆಂಡತಿಯನ್ನು ನೋಡಿ ತಲೆ ತಗ್ಗಿಸಿದ. ಮೇಲೆ ನಾಲ್ಕನೇ ಮಹಡಿಯಲ್ಲಿ ದೀಪ ಉರಿಯುತ್ತಿತ್ತು. ಅಲ್ಲಿ ಇನ್ನೊಂದು ಶುದ್ಧವಾದ ಹೆಸರು ಹುಡುಕುತ್ತಿದ್ದಿರಬೇಕು. ವಿಚಾರಣೆಯ ನೋಟಿಸಿನಲ್ಲಿ ಈಗಲೂ ಕಮಲಾ ಎಸ್. ಒಬ್ಬಳದೇ ಹೆಸರು.

ಕಮಲಮ್ಮ ಬಿದ್ದಿದ್ದ ಪಾತ್ರೆಗಳ ನಡುವೆ ಹುಡುಕಿ ಒಂದು ತುಂಡು ತಂತಿ ತೆಗೆದಳು. ಗೇಟಿನ ಕಂಬಿಗೆ ಪಟವನ್ನು ಬಿಗಿದು ಕಟ್ಟಿದಳು, ರಸ್ತೆಗೆ ಮುಖ ಮಾಡಿ. ಸೆರಗಿನಿಂದ ಗಾಜು ಒರೆಸಿದಳು.

"ಏನಮ್ಮಾ ಇದು?" ಎಂದಳು ಧನ್ಯಾ.

"ವ್ಯಾಪಾರ ನಡಿಯೂ ಜಾಗದಾಗ ಎಲ್ಲಾರಿಗೂ ಕಾಣೂ ಹಂಗ ಹಾಕಬೇಕಂತವ್ವ. ಕಾನೂನು."

ಲಿಫ್ಟಿನ ಕಡೆ ಹೊರಟಿದ್ದ ಗಂಡ ಹೆಂಡತಿ ಇಬ್ಬರು ಪಟ ನೋಡಿ ನಿಂತರು. ಕಮಲಮ್ಮ ಅದರ ಕೆಳಗೆ ಚಾಪೆ ಹಾಸಿ ಕೂತಿದ್ದಳು.

"ಸೈಟ್ ಕೊಳ್ಳಾಕ ಬಂದೀರೇನ್ರಿ?" ಎಂದಳು. "ಬರ್ರಿ, ಕುಂದರ್ರಿ. ನಾನ ಏಜೆಂಟ್."