ಮುಖದಿಂದ ಗೇಣು ದೂರ

ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ಬಾಯಿ ತೆರೆದವರು ಕೆಮ್ಮುತ್ತಾರೆ. ಅದಕ್ಕೇ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಮೂಗುಬಾಯಿಗೆ ಬಟ್ಟೆ ಬಿಗಿದು ಕೂರುತ್ತಾರೆ. ಮೊದಲೆಲ್ಲ ದಿನವಿಡೀ ತುಟಿ ಬಿಚ್ಚದೆ ದುಡಿದು ಮನೆಗೆ ಹೋಗುತ್ತಿದ್ದರು. ದೀಪಿಕಾ ಬಂದ ಮೇಲೆ ಗೋದಾಮಿಗೆ ಮಾತು ಬಂತು.

ದೀಪಿಕಾ ಕದರಮಂಡಲಗಿಯವಳು, ಹುಟ್ಟುಕಿವುಡಿ. ಮನೆಯವರಿಗೆ ಬರುತ್ತಿದ್ದದ್ದು ಮೂರೇ ಸನ್ನೆ: ಉಣ್ಣು, ಬಾ, ಸುಮ್ಮನಿರು. ರಾಣೇಬೆನ್ನೂರಿನಲ್ಲಿ ಭಾನುವಾರ ಸೇರುವ ಕಿವುಡರ ಗುಂಪು ಆಕೆಗೆ ಸಿಕ್ಕಿದ್ದು ದೊಡ್ಡವಳಾದ ಮೇಲೆ. ಅಲ್ಲಿ ಭಾಷೆ ಸಿಕ್ಕಿತು, ಕೈಯಲ್ಲಿ ಕರೆಯುವ ಹೆಸರೂ ಸಿಕ್ಕಿತು. ಆಕೆಯ ಬಲಗಣ್ಣಿನ ಕೆಳಗೆ ಗಾಯದ ಕಲೆಯೊಂದಿತ್ತು, ಅಲ್ಲಿ ತೋರುಬೆರಳಿನ ಒಂದು ಗೀರು. ಅದೇ ಆಕೆಯ ಹೆಸರು.

ಆ ಭಾಷೆಯನ್ನು ಗೋದಾಮಿನಲ್ಲಿ ಮೊದಲು ಕಲಿತವಳು ಪಕ್ಕದಲ್ಲಿ ಕೂರುತ್ತಿದ್ದ ಜೈತೂನಬಿ. ಆಮೇಲೆ ಮಂಗಳವ್ವ, ಆಮೇಲೆ ಎಲ್ಲರೂ. ಖಾರದ ಕೈ ಮುಖ ಮುಟ್ಟುವಂತಿಲ್ಲ. ಹಾಗಾಗಿ ಕಣ್ಣು, ತುಟಿ, ಕೆನ್ನೆಯ ಸನ್ನೆಗಳನ್ನೆಲ್ಲ ಮುಖದಿಂದ ಗೇಣು ದೂರದಲ್ಲಿ ಮಾಡುವುದು ಇಲ್ಲಿಯ ರೂಢಿಯಾಯಿತು. ದೀಪಿಕಾ ಗಾಳಿಗೆ ಹೆಸರಿಡುತ್ತಾಳೆ ಎಂದು ರಾಣೇಬೆನ್ನೂರಿನ ಗೆಳತಿಯರು ನಗುತ್ತಿದ್ದರು.

ಆ ದಿನ ಸಂಜೆಯೊಳಗೆ ಲಾರಿ ತುಂಬಬೇಕಿತ್ತು. ಹೊಸ ಮೇಸ್ತ್ರಿ ಯುವರಾಜ ಸಾಲುಗಳ ನಡುವೆ ತಿರುಗುತ್ತಿದ್ದ.

"ಕೈ ಇರೂದು ದುಡ್ಯಾಕ, ಹರಟಿ ಹೊಡ್ಯಾಕಲ್ಲ" ಎಂದ. ನೇರ ದೀಪಿಕಾಳ ಮುಂದೆ ನಿಂತ. "ಈ ಮೂಗಿ ಎಲ್ಲಾರ್ನೂ ಕೆಡಿಸ್ಯಾಳ. ಏಳು. ನಾಳಿಂದ ಬರಬ್ಯಾಡ."

ಬಾಗಿಲಿಗೆ ಬೆರಳು ಚಾಚಿದ. ಆ ಸನ್ನೆಯನ್ನು ಕಿವುಡರಿಗೆ ಯಾರೂ ಕಲಿಸಬೇಕಿಲ್ಲ. ಅವರು ಹುಟ್ಟಿದಾಗಿನಿಂದ ಈ ನಾಡು ಅದನ್ನು ಕಲಿಸುತ್ತಲೇ ಬಂದಿದೆ.

ದೀಪಿಕಾ ಎದ್ದಳು. ಬಾಗಿಲಲ್ಲಿ ಒಮ್ಮೆ ತಿರುಗಿ ಅಷ್ಟೂ ಕೈಗಳನ್ನು ನೋಡಿದಳು. ಇವುಗಳನ್ನು ಬಿಟ್ಟರೆ ವಾರವೆಲ್ಲ ಮನೆಯ ಮೂರೇ ಸನ್ನೆ. ಅದರಲ್ಲೊಂದು, ಸುಮ್ಮನಿರು.

ಆಕೆ ಹೋದಳು. ಜೈತೂನಬಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. ಮಂಗಳವ್ವನೂ ಇಟ್ಟಳು. ಸಾಲಿಗೆ ಸಾಲೇ ಇಟ್ಟಿತು. ತೊಟ್ಟು ಮುರಿಯುವ ಚಟಚಟ ನಿಂತಿತು.

"ಯಾಕ? ಏನಾತು?"

ಉತ್ತರ ಬಂತು, ಗೋದಾಮಿನ ತುಂಬ ಕೈಗಳಲ್ಲಿ, ಒಮ್ಮೆಲೇ. ಮೇಸ್ತ್ರಿಗೆ ಒಂದಕ್ಷರ ತಿಳಿಯಲಿಲ್ಲ.

"ಬಾಯಿಲೆ ಹೇಳ್ರಿ" ಎನ್ನುತ್ತ ತನ್ನ ಮುಖದ ಬಟ್ಟೆ ಜಗ್ಗಿದ. ಘಾಟು ಒಳಹೊಕ್ಕು ಬಗ್ಗಿ ಬಗ್ಗಿ ಕೆಮ್ಮಿದ. ಸಿಟ್ಟಿಗೆ ತಾನೇ ಕುಕ್ಕರಿಸಿ ತೊಟ್ಟು ಬಿಡಿಸತೊಡಗಿದ. ಹಿಡಿಯಷ್ಟಾಗುವುದರೊಳಗೆ ಬೆರಳು ಉರಿದವು. ಮಂಗಳವ್ವನ ಹೆಗಲು ನಗೆಯಿಂದ ಕುಣಿಯುತ್ತಿತ್ತು.

ಕೊನೆಗೆ ಜೈತೂನಬಿ ಬಟ್ಟೆ ಸರಿಸಿದಳು. "ನೀವು ಕಳಿಸಿದ್ದು ಬರೇ ಆಕೀನ್ನಲ್ರಿ, ನಮ್ಮ ಮಾತೂ ಹೊರಗ ಹಾಕೀರಿ. ಕರ್ಕೊಂಡು ಬರ್ರಿ, ಲಾರಿ ತುಂಬತೈತಿ."

"ನೀನ ಹೋಗಿ ಕರಿ."

"ಹೊರಗ ಹಾಕಿದವ್ರು ಯಾರ್ರಿ?"

ಹೊರಗೆ ಲಾರಿಯವನು ಹಾರ್ನ್ ಹೊಡೆದ. ಮೇಸ್ತ್ರಿ ಎದ್ದ.

"ಕೂಗಿದ್ರ ಆಕೀಗಿ ಕೇಳಂಗಿಲ್ಲ. ಹೆಸರು ಹಿಂಗ ಕರೀಬೇಕು." ಜೈತೂನಬಿ ಕಣ್ಣಿನ ಮುಂದೆ ಗಾಳಿಯಲ್ಲಿ ಗೀರೆಳೆದಳು. "ಗೇಣು ದೂರ ಇರ್ಲಿ ಮತ್ತ."

ಆ ಕೊನೆಯ ಮಾತು ತಲುಪಿದ್ದು ಓಡುತ್ತಿದ್ದವನ ಬೆನ್ನಿಗೆ.

ನಿಲ್ದಾಣದಿಂದ ಕದರಮಂಡಲಗಿ ಬಸ್ಸು ಹೊರಟಿತ್ತು. "ದೀಪಿಕಾ" ಎಂದು ಕೂಗಿಯೇಬಿಟ್ಟ. ಬಸ್ಸಿನವರೆಲ್ಲ ತಿರುಗಿದರು, ಕರೆಸಿಕೊಂಡವಳೊಬ್ಬಳನ್ನು ಬಿಟ್ಟು. ಓಡಿ ಬಸ್ಸಿಗೆ ಅಡ್ಡ ನಿಂತ.

"ಸಾಯಾಕ ನನ್ನ ಗಾಡೀನ ಬೇಕಾತೇನಪಾ ನಿನಗ?" ಡ್ರೈವರ್ ಬ್ರೇಕ್ ಒತ್ತಿ ಬೈದ.

ಯುವರಾಜ ತೋರುಬೆರಳೆತ್ತಿ ಬಲಗಣ್ಣಿನ ಕೆಳಗೆ ಗಟ್ಟಿಯಾಗಿ ಎಳೆದ. ಕಣ್ಣು ಹತ್ತಿ ಉರಿಯಿತು. ಒರೆಸಲು ಹೋಗಿ ಇನ್ನೊಂದನ್ನೂ ಉರಿಸಿಕೊಂಡ. ಆದರೂ ಬಿಡಲಿಲ್ಲ. ಕಣ್ಣೀರು ಸುರಿಸುತ್ತ ಮತ್ತೆ ಎಳೆದ, ಮತ್ತೆ ಎಳೆದ.

ಕಿಟಕಿಯಲ್ಲಿ ದೀಪಿಕಾ ನೋಡಿದಳು. ನಡುಬೀದಿಯಲ್ಲಿ, ಊರೆಲ್ಲ ನೋಡುತ್ತಿರುವಾಗ, ಒಬ್ಬ ಗಂಡಸು ಆಕೆಯ ಹೆಸರು ಹೇಳುತ್ತಿದ್ದ. ಕೆಳಗಿಳಿದಳು. ಅಷ್ಟರಲ್ಲಿ ಗೋದಾಮಿಗೆ ಗೋದಾಮೇ ಓಡಿಬಂದಿತ್ತು. ದೀಪಿಕಾಳ ಕೈಗಳು ಬಿರುಸಾಗಿ ಮಾತಾಡಿದವು.

"ಏನಂತಾಳ?" ಮೇಸ್ತ್ರಿ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಕಣ್ಣು ತೆಗೀರಿ ಮೊದ್ಲ" ಎಂದಳು ಜೈತೂನಬಿ. "ಮುಚ್ಚಿದ್ರ ನೀವ ಕಿವುಡ್ರು. ಕೈ ಕಟ್ಟಿ ಕುಂದ್ರೂದಾದ್ರ ಬರಂಗಿಲ್ಲಂತ. ಮಾತು ಇರಾಕ ಬೇಕಂತ."

"ಆತು ಮಾರಾಯ್ತಿ, ಆತು."

"ನನಗಲ್ರಿ. ಆಕೀಗಿ ಹೇಳ್ರಿ."

ಮಂಗಳವ್ವ ಮುಷ್ಟಿ ಕಟ್ಟಿ ತಲೆಯಾಡಿಸುವಂತೆ ಬಾಗಿಸಿ ತೋರಿಸಿದಳು, ಇದು ಹೂಂ. ಯುವರಾಜ ಒಂದು ಕಣ್ಣು ಕಷ್ಟದಿಂದ ತೆರೆದು ಮುಷ್ಟಿ ಎತ್ತಿದ, ಬಾಗಿಸಿದ. ಅವನ ಹಿಂದೆ ಹೆಣ್ಣುಮಕ್ಕಳ ಮುಷ್ಟಿಗಳೂ ಎದ್ದವು.

ದೀಪಿಕಾ ಬಾಟಲಿಯ ನೀರಿನಿಂದ ಮೊದಲು ಅವನ ಕೈ ತೊಳೆಸಿದಳು, ಆಮೇಲೆ ಕಣ್ಣು. ನಂತರ ತನ್ನ ಹೆಬ್ಬೆರಳು, ಕಿರುಬೆರಳು ಅಗಲಿಸಿ ಅವನ ಕೆನ್ನೆಗೂ ಬೆರಳಿಗೂ ನಡುವೆ ಇಟ್ಟು ಅಳೆದಳು. ಇಷ್ಟು ದೂರ. ಈಗ ಇನ್ನೊಮ್ಮೆ ಕರಿ.

ಅವನು ಕರೆದ.