ಶೇಖವ್ವನ ಏರಿ

ಹೆಣ ಕೂರಿಸಿ ಹೊರುವ ವಿಮಾನದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ರೇವಣಸಿದ್ದನ ಕೈ ಹಾಗೇ ನಿಂತಿತು. ವಠಾರದ ಗೇಟಿನಲ್ಲಿ ಸ್ಕೂಟರ್ ಬಿಟ್ಟು ಓಡಿಬಂದ ಯಮುನಾ ಮೇಡಂ ಹೆಣಕ್ಕೆ ಕೈಮುಗಿದು, ನೀಲಪ್ಪನ ಎದುರು ಕುಕ್ಕರಗಾಲಲ್ಲಿ ಕೂತು, ಸಾವಿನ ಮನೆಯಲ್ಲಿ ಯಾರೂ ಕೇಳದ ಮಾತೊಂದನ್ನು ಕೇಳಿದ್ದಳು.

"ಸಾರಿ ಅಂಕಲ್, ಈಗ ಕೇಳ್ಬಾರ್ದು, ನಂಗೊತ್ತು. ಶೇಖವ್ವ ದಿನಾ ಹುಲ್ಲು ಎಲ್ಲಿಂದ ತರ್ತಿದ್ರು?"

ನೀಲಪ್ಪ ಹೆಂಡತಿಯ ಮುಖ ನೋಡಿದ. ಗೋಡೆಗೆ ಒರಗಿಸಿ ಕೂರಿಸಿದ್ದ ಶೇಖವ್ವನ ಹಣೆ ತುಂಬ ವಿಭೂತಿ, ಕೊರಳ ತುಂಬ ಚೆಂಡುಹೂ. ನಿನ್ನೆ ಸಂಜೆ ನೀರು ಕೇಳಿದವಳು, ಇವನು ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಹೊರಟೇಹೋಗಿದ್ದಳು. ಮೂವತ್ತಾರು ವರ್ಷದ ಸಂಸಾರ. ದಿನಾ ಬೆಳಗ್ಗೆ ಕುಡುಗೋಲು ಹಿಡಿದು ಇವಳು ಎಲ್ಲಿಗೆ ಹೋಗುತ್ತಾಳೆಂದು ಗಂಡನೆನಿಸಿಕೊಂಡ ಈ ಮನುಷ್ಯ ಒಂದು ದಿನವಾದರೂ ಕೇಳಿದ್ದರೆ ಹೇಳಿ.

"ನನಗ ಗೊತ್ತಿಲ್ರಿ ಮೇಡಂ," ಎಂದ. ಹೇಳುವಾಗ ನಾಚಿಕೆಯಾಯಿತು.

ಯಮುನಾ ವಠಾರದ ಹಿಂದಿನ ಖಾಲಿ ಜಾಗದಲ್ಲಿ ಕುದುರೆ ಸವಾರಿ ಕಲಿಸುವವಳು. ಸರ್ಜಾಪುರದ ಅಪಾರ್ಟ್‌ಮೆಂಟಿನ ಮಕ್ಕಳು ಶನಿವಾರ, ಭಾನುವಾರ ಬಂದು ಕುದುರೆ ಹತ್ತಿ ಇಳಿದು ಹೋಗುತ್ತಾರೆ. ಮೂರು ಕುದುರೆಗಳಲ್ಲಿ ಎರಡು ಗಟ್ಟಿ. ಮೂರನೆಯದು ಚಂಪಾ, ಮುದಿ ಹೆಣ್ಣು ಕುದುರೆ, ಹೊಟ್ಟೆಯ ರೋಗಿ. ಹನ್ನೆರಡು ವರ್ಷದಿಂದ ಮೂರಕ್ಕೂ ಹುಲ್ಲು ತರುತ್ತಿದ್ದವಳು ಶೇಖವ್ವ.

"ಉಳಿದೆರಡು ಹೇಗೋ ತಡ್ಕೋತವೆ, ನಿನ್ನೆ ಸಂಜೆಯಿಂದ ಚಂಪಾ ಬಾಯಿಗೆ ಏನೂ ಬಿದ್ದಿಲ್ಲ ಅಂಕಲ್. ರಾತ್ರಿ ನಾವೆಲ್ಲ ಇಲ್ಲೇ ಇದ್ದುಬಿಟ್ವಿ, ಒಬ್ರಿಗೂ ನೆನಪಾಗ್ಲಿಲ್ಲ. ಒಣಹುಲ್ಲಿನ ಲಾರಿ ಬರೋದು ನಾಳಿದ್ದು. ಅತ್ತಿಬೆಲೆವರೆಗೂ ಫೋನ್ ಮಾಡ್ದೆ, ಹಸು ಇಟ್ಟಿರೋರೇ ಇಲ್ಲ ಈಗ."

"ಯೋಚ್ನೆ ಬುಡಮ್ಮ," ಎಂದರು ಕುರ್ಚಿಯಲ್ಲಿ ಕೂತಿದ್ದ ವಠಾರದ ಮಾಲೀಕರು, ವೆಂಕಟರಮಣಪ್ಪ. "ನಾನು ಬೂಸಾ, ಬೆಲ್ಲ, ಕಡ್ಲೆ ಎಲ್ಲಾ ಕಳ್ಸಿವ್ನಿ. ನಿಮ್ಮ ಲಾಯದ ಉಡ್ಗ ಮುತ್ತು ಅಲ್ಲಿ ಕಲಸ್ತಾವ್ನೆ. ಆಯಮ್ಮ ಓದ ದಿನ ಆಯಮ್ಮನ ಕುದ್ರೆ ಅಸ್ಕೊಂಡಿರ್ಬಾರ್ದು."

ಸೇರಿದ್ದವರೆಲ್ಲ ತಲೆದೂಗಿದರು. ದೊಡ್ಡ ಮನಸ್ಸು ಎಂದು ಯಾರೋ ಅಂದರು. ನೀಲಪ್ಪ ಮಾತ್ರ ಎದ್ದು ನಿಂತುಬಿಟ್ಟ.

"ಅದನ್ನ ಕೊಡಬ್ಯಾಡ್ರಿ."

*

ಕುಷ್ಟಗಿ ಕಡೆಯಿಂದ ಗಂಡಹೆಂಡತಿ ಬಂದದ್ದು ಕಟ್ಟಡದ ಕೆಲಸಕ್ಕೆ. ನೀಲಪ್ಪನಿಗೆ ಆಮೇಲೆ ಅತ್ತಿಬೆಲೆಯ ಫ್ಯಾಕ್ಟರಿಯೊಂದರಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತು, ಟೋಪಿ ಬಂತು, ಸೀಟಿ ಬಂತು, ಸ್ವಲ್ಪ ಗತ್ತೂ ಬಂತು. ಶೇಖವ್ವ ಮಾತ್ರ ಮರಳಿನ ಬುಟ್ಟಿ ಇಳಿಸಿ ಕುದುರೆಯ ಲಾಯಕ್ಕೆ ಕಸ ಗುಡಿಸಲು ಹೋದಳು.

ಆಗ ಕುದುರೆಗಳಿಗೆ ಮೂಟೆಯ ತಿಂಡಿ. ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು. ನಡುವೆ ಕುದುರೆ ಬಾಗಿಲಿನ ಮರ ಕಚ್ಚುತ್ತ ನಿಲ್ಲುತ್ತಿತ್ತು. ತಿಂಗಳಿಗೊಮ್ಮೆ ಚಂಪಾಗೆ ಹೊಟ್ಟೆನೋವು, ನೆಲಕ್ಕೆ ಬಿದ್ದು ಹೊರಳಾಟ, ಡಾಕ್ಟರಿಗೆ ಓಡಾಟ. ಶೇಖವ್ವ ಕಸಬರಿಗೆ ಹಿಡಿದು ಎಂಟು ದಿನ ನೋಡಿದಳು. ಒಂಬತ್ತನೆಯ ದಿನ ಕೇಳಿಯೇಬಿಟ್ಟಳು.

"ಮೇಡಂ, ಇದು ದಿನವೆಲ್ಲ ಬಾಯಿ ಆಡಿಸೂ ಪ್ರಾಣಿರಿ. ನೀವು ಎರಡ ಹೊತ್ತು ಊಟ ಹಾಕಿ ಬಾಯಿ ಕಟ್ಟಿದ್ರ ಹೊಟ್ಟಿ ಏನ್ ಮಾಡಬೇಕು?"

ಡಾಕ್ಟರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು. ಅಂದಿನಿಂದ ಹುಲ್ಲು, ಹಸಿಯದು, ಒಣಗಿದ್ದು, ಹೊತ್ತುಹೊತ್ತಿಗೆ ಸ್ವಲ್ಪ ಸ್ವಲ್ಪ. ಮೂಟೆಗಳು ಮೂಲೆ ಸೇರಿದವು. ವರ್ಷ ತುಂಬುವುದರೊಳಗೆ ಚಂಪಾಳ ಮೈ ಮಿರುಗತೊಡಗಿತು. ಶೇಖವ್ವ ಊಟಕ್ಕೆ ಕೂತಾಗಲೆಲ್ಲ ಇದನ್ನೇ ಹೇಳುವಳು: ಇವತ್ತು ಚಂಪಾ ಎಷ್ಟು ತಿಂತು, ಲದ್ದಿ ಹೆಂಗಿತ್ತು, ಫ್ಯಾಕ್ಟರಿ ಮೋರಿಯ ಹತ್ತಿರದ ಹುಲ್ಲು ಯಾಕೆ ಬ್ಯಾಡ. ನೀಲಪ್ಪ ಟೀವಿಯ ಕಡೆ ಮುಖ ಮಾಡಿಕೊಂಡು ಹೂಂಗುಟ್ಟುತ್ತಿದ್ದ.

ಆಮೇಲೊಂದು ಕಾರಹುಣ್ಣಿಮೆ. ಊರಲ್ಲಾಗಿದ್ದರೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೋಳದ ಕಿಚಡಿಗೆ ಬೆಲ್ಲ ಕಲಸಿ ತಿನ್ನಿಸುವ ದಿನ. ಇಲ್ಲಿ ಎತ್ತೆಲ್ಲಿದೆ? ನೀಲಪ್ಪನಿಗೆ ಮನಸ್ಸು ತಡೆಯಲಿಲ್ಲ. ಹೆಂಡತಿಗೆ ಹೇಳದೆ ಒಂದು ಬಕೆಟ್ ಕಿಚಡಿ ಮಾಡಿ ಚಂಪಾಳ ಮುಂದಿಟ್ಟ. ಚಂಪಾ ಬಕೆಟ್ಟನ್ನು ನೆಕ್ಕಿ ನೆಕ್ಕಿ ತಿಂದಳು. ಅವನಿಗೋ ಹಬ್ಬ ಮಾಡಿದ ಖುಷಿ. ಎರಡು ತಾಸಿಗೆ ಕುದುರೆ ನೆಲಕ್ಕೆ ಬಿತ್ತು. ಡಾಕ್ಟರು ಮೂಗಿಗೆ ನಳಿಗೆ ಹಾಕಿದರು. ಶೇಖವ್ವ ಹಗ್ಗ ಹಿಡಿದು, ಬಿದ್ದಾಗಲೆಲ್ಲ ಎಬ್ಬಿಸಿ, ಹೊತ್ತು ಮುಳುಗುವವರೆಗೂ ಅದನ್ನು ನಡೆಸಿದಳು.

"ಎತ್ತು ಮೆಲುಕು ಹಾಕಿ ಅರಗಿಸ್ಕೊಂತೈತಿ," ಎಂದಿದ್ದಳು ಗಂಡನಿಗೆ. "ಕುದುರಿಗಿ ಮೆಲುಕಿಲ್ಲ. ವಾಂತಿ ಮಾಡ್ಕೊಳ್ಳಾಕೂ ಬರೂದಿಲ್ಲ ಅದಕ್ಕ. ನೀ ಪ್ರೀತಿಲೆ ಕೊಟ್ಟಿ, ಅದು ಸಾಯಾಕ ಹತ್ತಿತ್ತು." ಆಮೇಲೆ ಒಂದು ವಾರ ಮಾತು ಬಿಟ್ಟಿದ್ದಳು.

*

"ಮಾವ, ಹೆಣ ಬಿಟ್ಟು ಎಲ್ಲಿ ಹೊಂಟಿ?" ರೇವಣಸಿದ್ದ ಕೂಗಿದ. ಅವನು ಶೇಖವ್ವನ ತಮ್ಮ, ಬೆಳಗಿನ ಬಸ್ಸಿಗೆ ಊರಿಂದ ಬಂದಿಳಿದವನು, ದುಃಖದಷ್ಟೇ ಸಿಟ್ಟೂ ಇತ್ತು. "ಮಂದಿ ಏನಂದಾರು?"

ನೀಲಪ್ಪ ತಿರುಗಿ ನೋಡಲಿಲ್ಲ. ಹಿಂದಿನ ಗೇಟು ದಾಟಿ ಲಾಯಕ್ಕೆ ನುಗ್ಗಿದ. ಮುತ್ತು ತುಂಬಿದ ಬಕೆಟ್ ಎತ್ತಿಕೊಂಡು ಚಂಪಾಳ ಬಾಗಿಲಿಗೆ ಬಂದಿದ್ದ. ಬೆಲ್ಲದ ವಾಸನೆಗೆ ಚಂಪಾ ಕುತ್ತಿಗೆ ನೀಡಿ, ಕಾಲಿಂದ ನೆಲ ಕೆರೆಯುತ್ತಿದ್ದಳು. ನೀಲಪ್ಪ ಬಕೆಟ್ ಕಿತ್ತುಕೊಂಡ.

"ಅಣ್ಣ, ಪಾಪ, ಅದಕ್ಕೆ ತುಂಬಾ ಹಸಿವು," ಎಂದ ಮುತ್ತು.

"ಅದಕ್ಕಾ ಬ್ಯಾಡ ಅನ್ನಾಕ ಹತ್ತೀನಿ. ಖಾಲಿ ಹೊಟ್ಟಿಗಿ ಇದು ಬಿದ್ರ ಒಳಗ ಹುಳಿಯಾಗಿ ಹೊಟ್ಟಿ ಉಬ್ಬತೈತಿ. ಮೊದಲ ಹುಲ್ಲ ಹೋಗಬೇಕು. ಸದ್ಯ ನೀರಷ್ಟ ಇಡು."

ಹೇಳಿ ಮುಗಿಸಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಇದನ್ನೆಲ್ಲ ಅವನು ಯಾವಾಗ ಕಲಿತ? ಟೀವಿ ನೋಡುತ್ತ ಕೂತಿದ್ದವನ ಕಿವಿಗೆ ಹನ್ನೆರಡು ವರ್ಷದ ಮಾತು ಒಂದೂ ತಪ್ಪದೆ ಬಿದ್ದಿತ್ತು. ನಿನ್ನೆಯಿಂದ ಕಲ್ಲಿನಂತೆ ಕೂತಿದ್ದ ಮನುಷ್ಯ ಕುದುರೆಯ ಕುತ್ತಿಗೆಗೆ ಹಣೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತ. ಹಿಂದೆ ಬಂದಿದ್ದ ವೆಂಕಟರಮಣಪ್ಪನವರು ಹೆಗಲ ಮೇಲಿನ ಟವೆಲ್ ಕೊಟ್ಟರು.

"ಗೊತ್ತಾಗ್ಲಿಲ್ಲ ಕಣಪ್ಪ ನಂಗೆ," ಎಂದರು ಆಮೇಲೆ. "ಈಗ ಏನ್ ಮಾಡಾನ?"

ಏನು ಕೊಡಬಾರದೆಂದು ನೀಲಪ್ಪನಿಗೆ ಗೊತ್ತಿತ್ತು. ಕೊಡಬೇಕಾದ್ದು ಎಲ್ಲಿದೆಯೆಂದು ಗೊತ್ತಿದ್ದವಳು ಹೂವಿನ ಹಾರ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು.

*

ರುದ್ರಭೂಮಿ ಇದ್ದದ್ದು ಕೆರೆಯ ಆಚೆ. ಭಜನೆಯವರು ಮುಂದೆ, ವಿಮಾನ ಹಿಂದೆ. ಟೆಕ್ ಪಾರ್ಕಿನ ಬಸ್ಸುಗಳು ಹಾರನ್ ಮಾಡದೆ ನಿಂತು ದಾರಿ ಬಿಟ್ಟವು. ಕುಣಿಯಲ್ಲಿ ಕೂರಿಸಿ, ವಿಭೂತಿ ಹಾಕಿ, ಮೊದಲ ಹಿಡಿ ಮಣ್ಣು ನೀಲಪ್ಪ ಕೊಟ್ಟ. ಹೋಗಿ ಬಾ ಎಂದು ಹೇಳಬೇಕೆನಿಸಿತು. ಚಂಪಾ ಹಸಿದಾಳ ಎಂದು ಬಾಯಿಗೆ ಬಂತು.

ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಕರಕಿ, ಅಂದರೆ ಗರಿಕೆ, ಹುಡುಕಿಕೊಂಡು ಕೆರೆಯ ಏರಿಯ ಕಡೆ ಹೊರಟರು. ಅವರ ಕಡೆ ಅದು ಪದ್ಧತಿ. ಮಣ್ಣು ಕೊಟ್ಟು ಬಂದವರು ಒಂದೊಂದು ಗರಿಕೆಯ ಎಸಳು ತಂದು, ಹೆಣವಿದ್ದ ಜಾಗದಲ್ಲಿ ಹಚ್ಚಿದ ದೀಪದ ಮುಂದೆ ಇಟ್ಟು ಹೋಗಬೇಕು. ನೀಲಪ್ಪನೂ ಏರಿ ಹತ್ತಿದ. ಹತ್ತಿದವನು ನಿಂತುಬಿಟ್ಟ.

ಏರಿಯ ಆಚೆ ಮಗ್ಗುಲಲ್ಲಿ ಹುಲ್ಲು ಪಟ್ಟಿ ಪಟ್ಟಿಯಾಗಿ ನಿಂತಿತ್ತು. ಮೊದಲ ಪಟ್ಟಿ ನಿನ್ನೆ ಕೊಯ್ದದ್ದು, ಕೂಳೆ ಇನ್ನೂ ಹಸಿಯಾಗಿತ್ತು. ಅದರ ಪಕ್ಕದ್ದು ಆಗಷ್ಟೇ ಚಿಗುರಿತ್ತು. ಮುಂದೆ ಮುಂದೆ ಹೋದಂತೆ ಗೇಣುದ್ದ, ಮೊಣಕಾಲ ಮಟ್ಟ. ಹೀಗೇ ಏರುತ್ತ ಏರುತ್ತ ಕೊನೆಯ ಪಟ್ಟಿ ಸೊಂಟದವರೆಗೆ ಬೆಳೆದು ನಿಂತಿತ್ತು. ಒಂದು ಕಡೆಯಿಂದ ಕೊಯ್ಯುತ್ತ ಹೋಗಿ, ತಿರುಗಿ ಬರುವಷ್ಟರಲ್ಲಿ ಮೊದಲಿನದು ಚಿಗುರಲಿ ಎಂಬ ಲೆಕ್ಕ. ಇವತ್ತಿನ ಪಾಲು ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ.

"ರೇವಣಸಿದ್ದ, ಇಲ್ಲಿ ಬಾರೋ," ಎಂದ ನೀಲಪ್ಪ. "ಇಲ್ಲಿ ನೋಡು, ನಿಮ್ಮಕ್ಕ ಏನು ಮಾಡ್ಯಾಳ."

ರೇವಣಸಿದ್ದ ನೋಡಿದ. ಒಕ್ಕಲುತನದವನು, ಅವನಿಗೆ ವಿವರಿಸಬೇಕಾಗಿರಲಿಲ್ಲ. ಬೆಳಗಿನಿಂದ ಬಿಗಿದಿದ್ದ ಮುಖ ಸಡಿಲಾಯಿತು. ಧೋತರ ಮೇಲೆತ್ತಿ ಕಟ್ಟಿ ಉದ್ದನೆಯ ಪಟ್ಟಿಗೆ ಇಳಿದೇಬಿಟ್ಟ. ಕುಣಿ ತೋಡಿದವರ ಹತ್ತಿರ ಒಂದು ಕುಡುಗೋಲಿತ್ತು. ಉಳಿದವರು ಕೈಯಿಂದಲೇ ಮುರಿದರು. ಫ್ಯಾಕ್ಟರಿಯವರು, ಗಾರೆ ಕೆಲಸದವರು, ಊರಿಂದ ಬಂದವರು, ನಲವತ್ತು ಮಂದಿ. ಎಷ್ಟೋ ವರ್ಷ ಹುಲ್ಲು ಮುಟ್ಟದ ಕೈಗಳು. ವೆಂಕಟರಮಣಪ್ಪನವರು ಬಿಳಿ ಪಂಚೆಯ ಸಮೇತ ಒಂದು ಹೊರೆ ತಲೆಗೇರಿಸಿದರು.

ಎಲ್ಲರೂ ನೇರ ಲಾಯಕ್ಕೇ ಬಂದರು. ನೀಲಪ್ಪ ಮೊದಲು ಒಂದೇ ಒಂದು ಹಿಡಿ ಕೊಟ್ಟ. ಚಂಪಾ ಮೂಸಿದಳು, ಬಾಯಿ ಹಾಕಿದಳು, ನಿಧಾನಕ್ಕೆ ಅಗಿಯತೊಡಗಿದಳು. ಆಮೇಲೆ ಇನ್ನಷ್ಟು ಹರವಿದ. ಲಾಯದ ತುಂಬ ಕರಕರ ಸದ್ದು.

"ನಾಳೆಗೆ ಏನ್ಮಾಡೋದು ಅಂಕಲ್?" ಯಮುನಾ ಮೆಲ್ಲಗೆ ಕೇಳಿದಳು.

"ನಾಳಿಗಿ ಪಕ್ಕದ ಪಟ್ಟಿರಿ. ನಾ ನೋಡಿ ಬಂದೀನಿ," ಎಂದ ನೀಲಪ್ಪ. "ಡ್ಯೂಟಿಗೆ ಹೋಗೂ ಮೊದಲ ತರ್ತೀನಿ."

ಮನೆಯ ಕಡೆ ಹೊರಟಾಗಲೇ ರೇವಣಸಿದ್ದನಿಗೆ ಹೊಳೆದದ್ದು, ದೀಪಕ್ಕೆ ಇಡಲು ಯಾರ ಕೈಯಲ್ಲೂ ಒಂದು ಎಸಳು ಕರಕಿಯಿಲ್ಲ. ಇದ್ದದ್ದೆಲ್ಲ ಹೊರೆಯೊಳಗೆ ಹೋಗಿತ್ತು. ಅವನು ತಿರುಗಿ ಬಂದು, ಚಂಪಾಳ ಮೂತಿಯ ಪಕ್ಕ ಬಗ್ಗಿ, ರಾಶಿಯಿಂದ ಒಂದು ಎಸಳು ಗರಿಕೆ ಎಳೆದುಕೊಂಡ. ಚಂಪಾ ಅಗಿಯುವುದನ್ನು ನಿಲ್ಲಿಸಲಿಲ್ಲ. ಅವನ ಹಿಂದೆ ವೆಂಕಟರಮಣಪ್ಪ ಬಗ್ಗಿದರು, ಅವರ ಹಿಂದೆ ಮುತ್ತು, ಯಮುನಾ, ಸಾಲಾಗಿ ನಲವತ್ತು ಮಂದಿ, ಕುದುರೆಯ ಬಾಯ ಮುಂದಿನಿಂದ ಒಂದೊಂದೇ ಎಸಳು ತೆಗೆದುಕೊಂಡು ಶೇಖವ್ವನ ದೀಪದ ಕಡೆ ನಡೆದರು.