ತುಂಡು ಕೂದಲು

ಹರಳೆಣ್ಣೆಯ ವಾಸನೆ, ಇಷ್ಟೊಂದು ಫಿನಾಯಿಲಿನ ನಡುವೆಯೂ ಹರಳೆಣ್ಣೆಯದೇ ವಾಸನೆ — ಪಾಪ, ಈ ಸಾವಂತ್ರವ್ವ, ದವಾಖಾನೆಗೆ ಬರುವುದೆಂದರೆ ಮದುವೆಗೆ ಹೋದಂತೆ, ಮಗಳ ತಲೆಗೆ ಎಣ್ಣೆ ಸುರಿದು, ಬೋಳು ಬಿದ್ದ ಜಾಗ ಕಾಣದ ಹಾಗೆ ಬಿಗಿಯಾಗಿ ಹೆಣೆದು ತಂದಿದ್ದಾಳೆ, ನಮ್ಮ ಮಂದಿಯೇ ಹೀಗೆ, ರೋಗವನ್ನೂ ಸಿಂಗರಿಸಿ ತೋರಿಸುವವರು, ಅವಳದು ಹೋಗಲಿ, ಮುಂಬಯಿಯಲ್ಲಿ ಐದು ವರ್ಷ ಓದಿದ ಈ ದಿಗಂಬರ ಡಾಕ್ಟರ ಎಲ್ಲಿಂದ ಕಿತ್ತ ಕೂದಲು? ಜಡೆಯಿಂದ! ಮೊಳದುದ್ದ, ಮಿರಮಿರ ಮಿಂಚುವ, ರೋಗವೇ ತಾಕದ ಕೂದಲು, ಅದನ್ನು ತಿಳಿಯಾಗಿಸುವ ಪೊಟ್ಯಾಶ್ ನೀರಿನಲ್ಲಿ ನೆನೆಯಲೂ ಬಿಡದೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ, ಎಣ್ಣೆಯ ಹನಿ ನೋಡಿದ, ಗಜಕರ್ಣ ಅಲ್ಲ ಎಂದ. ಸಾಹೇಬ್ರ, ಬೋಳಿನ ಅಂಚಿನ್ಯಾಗ ಕರೀ ಚುಕ್ಕಿಹಂಗ ಮುರದ ನಿಂತಾವಲ್ರಿ, ಆ ತುಂಡು ಕೂದಲಾ ತಗೀಬೇಕ್ರಿ ಅಂದೆ, ಕಾಡಪ್ಪಾ, ಗಪ್ ಬಸ್, ಸುಮ್ಮನ ಕೂಡು, ಗಾಜು ತೊಳಿ ಅಂದ — ತೊಳೆಯುತ್ತೇನೆ, ಇಪ್ಪತ್ತೆರಡು ವರ್ಷದಿಂದ ತೊಳೆಯುತ್ತಿದ್ದೇನೆ, ಇಂಥ ಎಷ್ಟು ಜಾಣರ ದಡ್ಡತನ ಈ ಮೋರಿಯಲ್ಲಿ ಹರಿದುಹೋಗಿದೆ. ಅಷ್ಟಕ್ಕೇ ನಿಂತನೇ, ಗೊಣಗುತ್ತ ಚೀಟಿ ಬರೆದ, ಮಗುವಿನ ಕೂದಲು ಉದುರುವುದು ತಾಯಿಯಿಂದ ಬಂದದ್ದು, ತಾಯಿಗೆ ಗುಪ್ತರೋಗದ ಅನುಮಾನ, ರಕ್ತ ತೆಗೆಯಬೇಕು, ಬರೆದಿಟ್ಟು ಚಹಾಕ್ಕೆ ಹೋದ, ಮಸಿ ಇನ್ನೂ ಆರಿಲ್ಲ, ಹೊರಗೆ ಬೆಂಚಿನ ಮೇಲೆ ಅವಳ ಅತ್ತೆ ಚನ್ನಬಸವ್ವ, ಏನ ಬರದಾರಪಾ, ಓದಿ ಹೇಳು ಅನ್ನುತ್ತಾಳೆ, ಯಾರಾದರೂ ಓದಿ ಹೇಳಿದರೋ, ರವಿವಾರ ಪೇಟೆಯ ಆ ಅತ್ತೆಮನೆಯ ಹೊಸ್ತಿಲನ್ನು ಸಾವಂತ್ರವ್ವ ಮತ್ತೆ ತುಳಿದಂತೆಯೇ! ಚಿಮಟ ಎತ್ತಿಕೊಂಡು ಹುಡುಗಿಯನ್ನು ಕರೆದೆ, ಬಾ ಭಾಮಾ, ಇರವಿ ಕಡದಂಗ ಆಗ್ತದ, ಅಷ್ಟ — ನೋವೇ ಇಲ್ಲದೆ ಬಂತು, ಅಕ್ಕಿಕಾಳಿಗಿಂತ ಚಿಕ್ಕ ತುಂಡು, ಎಣ್ಣೆ ಒರೆಸಿ, ಪೊಟ್ಯಾಶ್ ಹಾಕಿ, ದೀಪದ ಮೇಲೆ ಬರೀ ಬೆಚ್ಚಗೆ, ಕುದಿಸಬಾರದು, ಬಚ್ಚಲ ನೀರಲ್ಲ ಇದು, ಆಮೇಲೆ ಕಾಯುವುದು, ಕಾಯುವುದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ — ಹಾಂ, ದೀಪಾವಳಿಯ ಅನಾರಸಕ್ಕೆ ಗಸಗಸೆ ಮೆತ್ತಿದ ಹಾಗೆ, ಕೂದಲಿನ ಮೈತುಂಬ ದುಂಡು ದುಂಡು ಕಾಳು, ಗಜಕರ್ಣದವೇ. ಸೂಕ್ಷ್ಮದರ್ಶಕದ ಕೆಳಗಿಂದ ಅವನ ಗಾಜು ತೆಗೆದು ನನ್ನದನ್ನು ಇಟ್ಟೆ, ಮೀಸೆ ಒರೆಸುತ್ತ ಡಾಕ್ಟರ ಬಂದ, ಸಾಹೇಬ್ರ, ಚೀಟಿ ಕೊಡೂಕಿಂತ ಮೊದಲ ಇನ್ನೊಮ್ಮೆ ನೋಡ್ರಿ, ಈಗ ಛಲೋ ನೆನದದ. ಬಗ್ಗಿ ನೋಡಿದ, ಅರೇ, ಹೇ ಬಘ, ಇಲ್ಲಿ ನೋಡು, ಗಜಕರ್ಣ, ನನಗೆ ಮೊದಲೇ ಅನಿಸಿತ್ತು ಎಂದ — ಅನಿಸಿತ್ತಂತೆ! ಮೊಳದುದ್ದ ಇಟ್ಟದ್ದು ಇಷ್ಟೇ ಇಷ್ಟು ಹೇಗಾಯಿತೆಂದು ಕೇಳಲೂ ಹೊಳೆಯಲಿಲ್ಲ ಮಹಾರಾಯನಿಗೆ, ಇರಲಿ, ಜಾಣತನ ನಿನ್ನದೇ ಇರಲಿ, ಚೀಟಿ ಹರಿ ಮೊದಲು, ಹರಿದ, ಮುಲಾಮು ಬರೆದ, ಹೊರಗೆ ಚನ್ನಬಸವ್ವ ಸೊಸೆಗೆ, ಬಾರವ್ವಾ, ಹೊತ್ತಾತು, ಮನೀಗೆ ಹೋಗೂಣು ಅನ್ನುವುದು ಕೇಳುತ್ತಿದೆ, ಈತ ಮತ್ತೆ ಗಾಜು ತೊಳಿ ಅನ್ನುತ್ತಾನೆ, ತೊಳೆಯಬೇಕು, ನಲ್ಲಿ ಬಿಟ್ಟಾಗಿದೆ, ಕೈ ಮುಂದೆ ಹೋಗುತ್ತಿಲ್ಲ — ಆ ತುಂಡು ಕೂದಲು, ಗಸಗಸೆ ಮೆತ್ತಿದ ಆ ತುಂಡು ಕೂದಲು